ಮಿಡತೆಯ ಅಳತೆ

ಹನ್ನೊಂದು ತಿಂಗಳಲ್ಲಿ ಮಿಡತೆ ತಾನಾಗಿ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು ವಸ್ತು. ಒಂದು ಪ್ಯಾಂಟು.

ಅವಳು ಏನಾದರೂ ಕೇಳಲಿ ಎಂದು ಮನೆಯವರು ಕಾದದ್ದು ಅಷ್ಟಿಷ್ಟಲ್ಲ. ಬೇಕರಿಯಲ್ಲಿ ಕೆಲಸ ಮಾಡುವ ಅಕ್ಕ ದಿನಾ ಸಂಜೆ ಕೇಕುಗಳಿಂದ ಕತ್ತರಿಸಿ ತೆಗೆದ ಅಂಚುಗಳನ್ನು ಪೊಟ್ಟಣ ಕಟ್ಟಿ ತಂದು "ಚಾಕೊಲೇಟಾ, ನಿಂಬೆಯಾ?" ಎಂದು ಕೇಳಿದರೆ "ಯಾವುದಾದ್ರೂ" ಎಂಬ ಉತ್ತರ. ಸಿಟಿ ಬಸ್ ಓಡಿಸುವ ಅಪ್ಪ ಶಿಫ್ಟು ಮುಗಿಸಿ ಬಂದು "ಹೊರಗೊಂದು ಸುತ್ತು ಹೋಗ್ಬರೋಣ್ವಾ?" ಎಂದರೆ "ನಿನ್ನಿಷ್ಟ ಅಪ್ಪ." ಅಜ್ಜಿ ಮಾತ್ರ ಏನೂ ಕೇಳದೆ ತನ್ನ ಪಾಲಿನ ಕೇಕನ್ನೂ ಮೊಮ್ಮಗಳ ಪಾಲಿನ ಕೇಕನ್ನೂ ಮುಗಿಸಿ, "ಬೇಡ ಅಂದ್ಮೇಲೆ ಇರುವೆಗೆ ಯಾಕೆ ಹಾಕ್ಬೇಕು?" ಎಂದು ಬಾಯಿ ಒರೆಸಿಕೊಳ್ಳುತ್ತಿದ್ದಳು.

ಎಲ್ಲರಿಗಿಂತ ಹೆಚ್ಚು ಗೊಂದಲಕ್ಕೆ ಬಿದ್ದವಳು ತಾಯಿ, ಬೀದಿಗೆಲ್ಲ ಟೈಲರಮ್ಮ. ಇಪ್ಪತ್ತಾರು ವರ್ಷದಿಂದ ಜನರ ಮೈಯನ್ನು ಇಂಚು ಇಂಚಾಗಿ ಬಲ್ಲವಳಿಗೆ ತನ್ನ ಮಗಳ ಮುಂದೆ ಹೇಗಿರಬೇಕು ಎಂಬುದೇ ತೋಚದಂತಾಗಿತ್ತು. ಹತ್ತಿರ ಕೂತರೆ "ಏನಮ್ಮ, ಕಾವಲಾ?" ದೂರ ಕೂತರೆ "ಒಬ್ಬಳೇ ಬಿದ್ದಿರ್ಬೇಕಾ?" ಹೆಸರು ಹಿಡಿದು ಕರೆಯುವುದಕ್ಕೂ ಹೆದರಿಕೆ. ಮಿಡತೆ ಎಂಬ ಹೆಸರಿಟ್ಟವಳು ಅಜ್ಜಿ. ನಾಲ್ಕು ವರ್ಷದ ಹುಡುಗಿ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಿಟಕಿಯ ಕಟ್ಟೆಗೆ ಹಾರುವುದನ್ನು ನೋಡಿ ಇಟ್ಟ ಹೆಸರು ಶಾಲೆಗೂ ಹೋಯಿತು, ಮೈದಾನಕ್ಕೂ ಹೋಯಿತು. ಕೋಲು ಊರಿ ಹಾರುವ ಪೋಲ್ ವಾಲ್ಟ್ ಆಟದಲ್ಲಿ ಅವಳು ಹೆಸರು ಮಾಡಿದಾಗ ಧ್ವನಿವರ್ಧಕದಲ್ಲೂ ಅದೇ ಹೆಸರು ಕೂಗಿದರು. ಆಮೇಲೊಂದು ದಿನ ಮೇಲಕ್ಕೇರಿದ ಕೋಲು ಅಡ್ಡ ತಿರುಗಿತು. ಅವಳು ಮೆತ್ತೆಯ ಮೇಲೆ ಬೀಳದೆ ಅದರಾಚೆಯ ಕಬ್ಬಿಣದ ಅಂಚಿನ ಮೇಲೆ ಬೆನ್ನು ಕೊಟ್ಟು ಬಿದ್ದಳು. ಅವತ್ತಿನಿಂದ ಸೊಂಟದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಅಂಥವಳನ್ನು ಮಿಡತೆ ಎನ್ನುವುದು ಹೇಗೆ? ಎರಡು ತಿಂಗಳು ಎಲ್ಲರೂ "ಪುಟ್ಟಾ" ಎಂದು ಕರೆದರು. "ನಾನೇನು ಸತ್ತುಹೋದ್ನಾ? ಹೆಸರು ಹಿಡಿದು ಕರೀರಿ" ಎಂದು ಅವಳು ಗದರಿದಳು. ಮಿಡತೆ ಎಂದರು. ಮುಖ ಗೋಡೆಗೆ ತಿರುಗಿಸಿಕೊಂಡಳು. ಈಗ ಕರೆಯುವ ಮೊದಲು ಟೈಲರಮ್ಮ ಒಮ್ಮೆ ಕೆಮ್ಮುತ್ತಾಳೆ, ಹೆಚ್ಚಿನ ಸಲ ಕೆಮ್ಮಿನಲ್ಲೇ ಕೆಲಸ ಮುಗಿಸುತ್ತಾಳೆ.

ಆ ದಿನ ಮೈದಾನದ ಕೋಚ್ ಮನೆಗೆ ಬಂದಿದ್ದರು. ಮುಂದಿನ ಕೋಣೆಯೇ ಈಗ ಮಿಡತೆಯ ಕೋಣೆ, ಯಾಕೆಂದರೆ ಮೆಟ್ಟಿಲಿಲ್ಲದ ಬಾಗಿಲು ಅದೊಂದೇ. ಅಲ್ಲಿದ್ದ ಹೊಲಿಗೆ ಮೆಷಿನ್ನು ಅಡಿಗೆಮನೆಗೆ ಹೋಗುವ ಓಣಿಗೆ ಸರಿದಿತ್ತು. ಯಾರು ದಾಟಿದರೂ ಟೈಲರಮ್ಮನ ಮೊಣಕೈಗೆ ತಾಗಿಯೇ ದಾಟಬೇಕು.

"ಕ್ರೀಡಾಶಾಲೆಯವರು ಒಬ್ಬರನ್ನ ಹುಡುಕ್ತಿದ್ದಾರೆ," ಎಂದರು ಕೋಚ್. "ಬೆಳಗ್ಗೆ ಹೊತ್ತು ಮೂರು ಗಂಟೆಯ ಕೆಲಸ. ಓಟದ ಪಟ್ಟಿಯ ಪಕ್ಕ ಕೂತು ಮಕ್ಕಳ ಹೆಜ್ಜೆ ಎಣಿಸ್ಬೇಕು, ಕೋಲು ಎಲ್ಲಿ ಊರ್ಬೇಕು ಅಂತ ಕೂಗ್ಬೇಕು. ನಿನ್ನ ಗಂಟಲಿಗೇನೂ ಆಗಿಲ್ವಲ್ಲ? ಒಂದು ವಾರ ಬಂದು ನೋಡು. ಸರಿಹೋದ್ರೆ ಕೆಲಸ ನಿಂದು. ವ್ಯಾನ್ ನಾನೇ ಕಳಿಸ್ತೀನಿ."

ಮಿಡತೆ ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ. ಕೋಚ್ ಟೀ ಕುಡಿದು ಹೋದರು. ಕೆಲಸ ಅವಳಿಗೆ ಬೇಕೋ ಬೇಡವೋ ಎಂದು ಮನೆಯವರು ಅಡಿಗೆಮನೆಯಲ್ಲಿ ಪಿಸಪಿಸ ವಾದ ಮಾಡಿದರು. ಸಂಜೆ ಊಟಕ್ಕೆ ಕೂತಾಗ, ಬೇಯಿಸಿದ ಆಲೂಗಡ್ಡೆ ಹಿಸುಕುತ್ತಾ ಮಿಡತೆ ಹೇಳಿದಳು: "ಅಮ್ಮ, ನಂಗೊಂದು ಪ್ಯಾಂಟ್ ಬೇಕು. ಈ ಪೈಜಾಮದಲ್ಲಿ ಹೋದ್ರೆ ಮಕ್ಕಳು ರೋಗಿ ಅಂದ್ಕೋತಾರೆ."

ಟೈಲರಮ್ಮ ಬಡಿಸುವ ಸೌಟು ಹಿಡಿದುಕೊಂಡೇ ಎದ್ದುಬಿಟ್ಟಳು.

"ಊಟ ಮುಗಿಸೇ," ಎಂದಳು ಅಜ್ಜಿ. "ಬಟ್ಟೆ ಓಡಿಹೋಗಲ್ಲ."

ಮಿಡತೆಯ ಪ್ಯಾಂಟು ಎಂದರೆ ಅದಕ್ಕೊಂದು ಇತಿಹಾಸವಿತ್ತು. ಚಿಕ್ಕಂದಿನಲ್ಲಿ ಜಾರಿ, ತೆವಳಿ, ಹಾರಿ ತಿಂಗಳಿಗೊಮ್ಮೆ ಪ್ಯಾಂಟಿನ ಕೂರುವ ಭಾಗವನ್ನು, ಅಂದರೆ ಸೀಟನ್ನು, ಹರಿದುಕೊಂಡು ಬರುತ್ತಿದ್ದ ಮಗಳಿಗಾಗಿ ತಾಯಿ ಒಂದು ಉಪಾಯ ಮಾಡಿದ್ದಳು. ಸೀಟಿನ ಒಳಗೆ ದಪ್ಪ ಬಟ್ಟೆಯ ಇನ್ನೊಂದು ಚೌಕ ಪದರ, ಅದರ ಅಂಚಿಗೆ ಮೂರೆಳೆ ದಾರದ ಬಿಗಿ ಹೊಲಿಗೆ, ಮೂಲೆಗಳಲ್ಲಿ ಮತ್ತೊಂದು ಸುತ್ತು. "ಬಟ್ಟೆಯೆಲ್ಲ ಹೋದ್ರೂ ಸೀಟೊಂದು ಉಳಿಯುತ್ತೆ" ಎಂದು ಅಜ್ಜಿ ನಗುತ್ತಿದ್ದಳು. ಆದರೆ ಟೈಲರಮ್ಮನಿಗೆ ಅದೇ ಹೆಮ್ಮೆ. ನಾನು ಹೊಲಿದ ಸೀಟು ಹರಿದದ್ದನ್ನು ಯಾರಾದರೂ ತೋರಿಸಲಿ ಎಂದು ಬೀದಿಯಲ್ಲಿ ನಿಂತು ಹೇಳಬಲ್ಲವಳು ಅವಳು.

ಮರುದಿನ ಬೆಳಗ್ಗೆ ಅವಳು ಅಳತೆ ಪುಸ್ತಕವನ್ನು ಕಪಾಟಿನಿಂದ ತೆಗೆದಳು. ಅದರಲ್ಲಿ ಗಿರಾಕಿಗೊಂದು ಪುಟ. ಹೊಸ ಅಳತೆ ತೆಗೆದ ಕೂಡಲೇ ಹಳೆಯದರ ಮೇಲೆ ಓರೆಗೆರೆ ಎಳೆಯಬೇಕು, ಇಲ್ಲದಿದ್ದರೆ ಕತ್ತರಿಸುವಾಗ ಕಣ್ಣು ತಪ್ಪುತ್ತದೆ ಎಂದು ಅವಳಿಗೆ ಹೊಲಿಗೆ ಕಲಿಸಿದ ಮುದುಕ ಹೇಳಿಕೊಟ್ಟಿದ್ದ. ಮಿಡತೆಯ ಪುಟ ಗೆರೆಗಳಿಂದಲೇ ತುಂಬಿತ್ತು. ಹನ್ನೆರಡನೆಯ ವಯಸ್ಸಿನಿಂದ ಇಪ್ಪತ್ತಮೂರರವರೆಗೆ ವರ್ಷಕ್ಕೆರಡು ಸಲ ತೆಗೆದ ಅಳತೆಗಳು. ಕೊನೆಯದಕ್ಕೆ ಮಾತ್ರ ಗೆರೆ ಬಿದ್ದಿರಲಿಲ್ಲ. ಅದು ಮಿಡತೆ ಬೀಳುವುದಕ್ಕಿಂತ ಮೂರು ತಿಂಗಳು ಹಿಂದಿನದು.

"ಅಳತೆ ತಗೊಳಲ್ವಾ?" ಓಣಿ ದಾಟುತ್ತಿದ್ದ ಅಕ್ಕ ಕೇಳಿದಳು.

"ಪುಸ್ತಕದಲ್ಲಿದೆಯಲ್ಲ."

"ಅದು ಹಳೇದಮ್ಮ."

"ನನ್ನ ಮಗಳ ಅಳತೆ ನಂಗೊತ್ತಿಲ್ವಾ? ಹೋಗು, ನಿನ್ನ ಬೇಕರಿಗೆ ಹೊತ್ತಾಯ್ತು."

ಅಕ್ಕ ಸುಮ್ಮನೆ ಹೋದಳು. ಟೇಪು ಟೈಲರಮ್ಮನ ಕುತ್ತಿಗೆಯಲ್ಲೇ ಇತ್ತು, ಮಗಳು ಹತ್ತು ಹೆಜ್ಜೆಯಾಚೆ ಮಲಗಿದ್ದಳು. ಆದರೂ ಅವಳು ಪುಸ್ತಕ ನೋಡಿಯೇ ಬಟ್ಟೆ ಕತ್ತರಿಸಿದಳು. ಕಡುನೀಲಿ ಬಟ್ಟೆ, ಹಿಂದೆ ಎರಡು ಜೇಬು, ಒಳಗೆ ಆ ಚೌಕ ಪದರ. ಎರಡು ದಿನದಲ್ಲಿ ಪ್ಯಾಂಟು ತಯಾರು. ತೊಡಿಸಿದಾಗ ತೊಡೆಯ ಹತ್ತಿರ ಬಟ್ಟೆ ಸಡಿಲವಾಗಿ ಜೋತುಬಿತ್ತು. ಟೈಲರಮ್ಮ ಅದನ್ನು ಎರಡೂ ಬದಿಯಿಂದ ಕೆಳಗೆ ಸಿಕ್ಕಿಸಿ, "ಈಗ ಸಡಿಲಾನೇ ಫ್ಯಾಷನ್ನು" ಎಂದಳು. ಮಿಡತೆ ಕನ್ನಡಿಯಲ್ಲಿ ನೋಡಿಕೊಂಡು, "ಮೇಷ್ಟ್ರ ಥರ ಕಾಣ್ತೀನಲ್ವಾ ಅಜ್ಜಿ?" ಎಂದು ಕೇಳಿದಳು.

"ಪೊಲೀಸ್ ಥರ ಕಾಣ್ತೀಯ," ಎಂದಳು ಅಜ್ಜಿ. ಮಿಡತೆ ನಕ್ಕಳು. ಆ ನಗೆ ಕೇಳಿದ ಟೈಲರಮ್ಮ ಓಣಿಗೆ ಹೋಗಿ ಮೆಷಿನ್ನಿನ ಮುಂದೆ ಕೂತು, ಹೊಲಿಯಲು ಏನೂ ಇಲ್ಲದಿದ್ದರೂ ಒಂದಷ್ಟು ಹೊತ್ತು ತುಳಿದಳು.

ಮುಂದಿನ ಐದು ದಿನ ಆ ಮನೆ ಬೇರೆಯೇ ಮನೆಯಾಗಿತ್ತು. ಬೆಳಗ್ಗೆ ಆರಕ್ಕೆ ವ್ಯಾನು. ಮಧ್ಯಾಹ್ನ ಬಂದ ಮಿಡತೆ ಊಟದ ತಟ್ಟೆಯ ಮುಂದೆ ಮಕ್ಕಳ ಕಥೆ ಬಿಚ್ಚುತ್ತಿದ್ದಳು. ಒಬ್ಬಳು ಕೋಲು ಊರುವ ಮೊದಲೇ ಕಣ್ಣು ಮುಚ್ಚುತ್ತಾಳಂತೆ. ಇನ್ನೊಬ್ಬ ಹದಿಮೂರು ಹೆಜ್ಜೆ ಎಂದರೆ ಹದಿನಾಲ್ಕು ಇಟ್ಟು "ಒಂದು ಬೋನಸ್ಸು, ಮಿಸ್" ಎನ್ನುತ್ತಾನಂತೆ. "ಮಿಸ್ ಅಂತೆ, ನಾನು!" ಎಂದು ಹೇಳುತ್ತಾ ಅವಳು ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ಅಕ್ಕನ ಕೇಕಿನ ಪೊಟ್ಟಣದಲ್ಲಿ ನಿಂಬೆಯದನ್ನು ತಾನೇ ಆರಿಸಿ ತೆಗೆದಳು. ಅಜ್ಜಿಗೆ ಇದರಿಂದ ನಷ್ಟವಾಯಿತು, ಆದರೂ ಗೊಣಗಲಿಲ್ಲ.

ದಿನಾ ಸಂಜೆ ಕೈಗನ್ನಡಿ ಹಿಡಿದು ಮಿಡತೆಯ ಬೆನ್ನು, ಪೃಷ್ಠ, ಹಿಮ್ಮಡಿಗಳ ಚರ್ಮ ನೋಡುವುದು ಅಕ್ಕನ ಪಾಲಿನ ಕೆಲಸ. ನೋವು ತಿಳಿಯದ ಮೈಗೆ ಕಣ್ಣೇ ಕಾವಲು ಎಂದು ವಾರಕ್ಕೊಮ್ಮೆ ಬರುವ ನರ್ಸಮ್ಮ ಕಟ್ಟುನಿಟ್ಟಾಗಿ ಹೇಳಿದ್ದಳು. ಆ ವಾರ ಬೇಕರಿಯಲ್ಲಿ ಅಕ್ಕನಿಗೂ ಪರೀಕ್ಷೆ ನಡೆದಿತ್ತು. ದೊಡ್ಡ ಕೇಕುಗಳ ಮೇಜಿಗೆ ಅವಳನ್ನು ಮುಖ್ಯಸ್ಥೆ ಮಾಡುವ ಮಾತಿತ್ತು, ಮನೆ ಸೇರುವಾಗ ಊಟದ ಹೊತ್ತು ಮೀರಿರುತ್ತಿತ್ತು. ಆರನೆಯ ದಿನ, ಶನಿವಾರ ಸಂಜೆ, ಬೇಗ ಬಂದವಳು ಕನ್ನಡಿ ಹಿಡಿದಳು.

"ಅಮ್ಮಾ!"

ಆ ಕೂಗಿಗೆ ಟೈಲರಮ್ಮನ ಕೈಯಿಂದ ಕತ್ತರಿ ಜಾರಿತು. ಓಡಿ ಬಂದು ನೋಡಿದರೆ ಬಲ ಪೃಷ್ಠದ ಕೆಳಗೆ, ಕೂತಾಗ ಮೂಳೆ ಒತ್ತುವ ಜಾಗದಲ್ಲಿ, ಚರ್ಮ ಕಪ್ಪಾಗಿ ಒಡೆದು ಒಳಗಿನ ಕೆಂಪು ಕಾಣುತ್ತಿತ್ತು.

"ಏನು? ಏನಾಗಿದೆ?" ಮಿಡತೆ ಕೇಳುತ್ತಲೇ ಇದ್ದಳು. ಅವಳಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ನರ್ಸಮ್ಮ ಬಂದು ನೋಡಿ ತಲೆ ಕೊಡವಿದಳು. "ಆರು ವಾರ ಕೂರೋ ಹಾಗೇ ಇಲ್ಲ. ಹೊಟ್ಟೆ ಮೇಲೆ ಮಲಗಿರ್ಬೇಕು. ನೋಡಿ, ಎಷ್ಟು ನೇರ ಗೆರೆ, ಇಲ್ಲಿ ಮೂಲೆ ತಿರುಗಿದೆ. ಯಾವುದರ ಮೇಲೆ ಕೂತಿದ್ಲು?"

"ಒಂದಿನ ಮೈದಾನದ ಬೆಂಚಿನ ಮೇಲೆ ಕೂತಿದ್ದೆ, ಹತ್ತು ನಿಮಿಷ," ಎಂದಳು ಮಿಡತೆ ದಿಂಬಿಗೆ ಮುಖವೊತ್ತಿ.

"ಹತ್ತು ನಿಮಿಷಕ್ಕೆ ಹೀಗಾಗಲ್ಲ. ಇದು ನಾಲ್ಕೈದು ದಿನದ್ದು. ಮೊದಲ ದಿನವೇ ಕೆಂಪಗಾಗಿರುತ್ತೆ. ದಿನಾ ನೋಡೋರು ಯಾರು?"

ಎಲ್ಲರೂ ಅಕ್ಕನ ಕಡೆ ನೋಡಿದರು.

ನರ್ಸಮ್ಮ ಹೊರಟ ಮೇಲೆ ಅಪ್ಪ ಚಪ್ಪಲಿಯನ್ನೂ ಬಿಚ್ಚದೆ ಶುರುಮಾಡಿದ. "ಐದು ದಿನ! ಐದು ನಿಮಿಷದ ಕೆಲಸಕ್ಕೆ ನಿಂಗೆ ಪುರುಸೊತ್ತಿಲ್ಲ. ಊರೋರ ಕೇಕಿಗೆ ಹೂವು ಬಿಡಿಸೋಕೆ ಪುರುಸೊತ್ತಿದೆ!"

"ಕೇಳಿದ್ದೆ ಅಪ್ಪ. ದಿನಾ ಕೇಳಿದ್ದೆ. ಅವಳೇ..." ಅಕ್ಕ ತಂಗಿಯ ಕಡೆ ನೋಡಿದಳು. ತಂಗಿ ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು.

"ಅವಳೇ ಏನು? ಅವಳ ಮೇಲೆ ಹಾಕ್ತೀಯಾ? ಇಷ್ಟು ದಿನಕ್ಕೆ ಹುಡುಗಿ ತನ್ನ ಕಾಲ ಮೇಲೆ ತಾನು ನಿಲ್ಲೋ ಹೊತ್ತಿಗೆ..." ಹೇಳಿದವನು ಹೇಳಿದ್ದು ತನಗೇ ಕೇಳಿಸಿ ಗಕ್ಕನೆ ನಿಂತ.

"ಸಾಕು, ನೀನು ಮೊದಲು ಕೂತ್ಕೋ," ಎಂದಳು ಅಜ್ಜಿ ಮಗನಿಗೆ.

ಅವನು ಕೂರಲಿಲ್ಲ. "ಬೇಕರಿ ಬಿಟ್ಟುಬಿಡು. ಮನೇಲಿರು. ಈ ತಿಂಗಳು ಮುಗಿದ ಕೂಡ್ಲೆ ಚೀಟಿ ಕೊಡು" ಎಂದವನೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಅಕ್ಕ ಬೇಕರಿಯ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದಳು.

ಮರುದಿನ ಟೈಲರಮ್ಮ ಪ್ಯಾಂಟು ಒಗೆಯಲು ಕೂತಳು. ಒಳಹೊರಗು ಮಾಡಿದಾಗ ಸೀಟಿನ ಚೌಕ ಪದರದ ಬಲಮೂಲೆಯಲ್ಲಿ ರೂಪಾಯಿಯಗಲದ ಕಂದು ಕಲೆ ಕಂಡಿತು. ಅವಳು ಸೋಪು ಹಚ್ಚಲಿಲ್ಲ. ನಡುಹೊಲಿಗೆಯಿಂದ ಆ ಮೂಲೆಗೆ ಟೇಪು ಹಿಡಿದಳು. ಎರಡೂಕಾಲು ಇಂಚು. ಬೆಳಗ್ಗೆ ಮುಲಾಮು ಹಚ್ಚುವಾಗ ಅವಳ ಬೆರಳು ಗಾಯದ ದೂರವನ್ನು ತನ್ನಷ್ಟಕ್ಕೆ ಅಳೆದಿಟ್ಟಿತ್ತು. ಅದೂ ಎರಡೂಕಾಲು. ಪದರದ ಅಂಚು ಹೋದ ಕಡೆಯೇ ಗೆರೆ ಹೋಗಿತ್ತು, ಮೂಲೆ ತಿರುಗಿದ ಕಡೆಯೇ ಗಾಯ ತಿರುಗಿತ್ತು. ಮೇಲಾಗಿ ಸಡಿಲ ಬಟ್ಟೆ ಮಡಿಕೆ ಬಿದ್ದು ಅದರಡಿಯಲ್ಲೇ ಸೇರಿಕೊಂಡಿತ್ತು. ತಾನೇ ಸಿಕ್ಕಿಸಿದ ಮಡಿಕೆ. ಹಳೆಯ ಅಳತೆಯ ಮಡಿಕೆ.

ಬಕೆಟ್ಟಿನ ಮುಂದೆ ಅವಳು ಎಷ್ಟು ಹೊತ್ತು ಕೂತಿದ್ದಳೋ, ನಲ್ಲಿ ಸುರಿದು ಸುರಿದು ಬಚ್ಚಲೆಲ್ಲ ನೀರಾಯಿತು.

ಹೇಳಬೇಕು ಎಂದುಕೊಂಡಳು. ಹೇಳಲು ಹೊರಟೂ ಹೊರಟಳು. ಗಂಡ ಊಟದ ಡಬ್ಬಿ ತೊಳೆಯುತ್ತಿದ್ದಾಗ ಹತ್ತಿರ ಹೋಗಿ, "ರೀ, ದೊಡ್ಡವಳದ್ದೇನೂ ತಪ್ಪಿಲ್ಲ ಅನ್ಸುತ್ತೆ" ಎಂದಳು.

"ಅವಳ ಪರ ವಕಾಲತ್ತು ಬೇಡ. ಡಬ್ಬಿ ಮುಚ್ಚಳ ಎಲ್ಲಿ?"

ಮುಚ್ಚಳ ಹುಡುಕಿಕೊಟ್ಟಳು. ಮಾತು ಅಲ್ಲಿಗೇ ಉಳಿಯಿತು. ಅಕ್ಕನಿಗೆ ಹೇಳೋಣವೆಂದರೆ ಅವಳು ಬ್ರೆಡ್ಡಿನ ತುಂಡು ಬಾಯಲ್ಲಿಟ್ಟುಕೊಂಡೇ ಮನೆ ಬಿಡುತ್ತಿದ್ದಳು. ಕೊನೆಗೆ ಮಿಡತೆಗೇ ಹೇಳಿಬಿಡುವುದೆಂದು ಮಂಚದ ಪಕ್ಕ ಕೂತು ಒಮ್ಮೆ ಕೆಮ್ಮಿದಳು.

"ಅಮ್ಮ, ಆ ಪ್ಯಾಂಟ್ ಒಗೆದಿಟ್ಟಿದ್ದೀಯ ತಾನೇ? ಜೋಪಾನ. ಎದ್ಮೇಲೆ ಅದನ್ನೇ ಹಾಕ್ಕೊಂಡು ಹೋಗ್ತೀನಿ, ಅವರು ಕರೆದ್ರೆ."

ಕ್ರೀಡಾಶಾಲೆಯವರು ಕಾಯುತ್ತಾರೋ ಇಲ್ಲವೋ ಕೋಚ್‌ಗೂ ಗೊತ್ತಿರಲಿಲ್ಲ. "ಎರಡು ತಿಂಗಳು ಕಾಯಿರಿ ಅಂತ ಕೇಳಿದ್ದೀನಿ, ನೋಡೋಣ" ಎಂದಿದ್ದರು ಫೋನಿನಲ್ಲಿ. ಮಗಳಿಗೆ ಉಳಿದಿದ್ದ ಆಸೆ ಒಂದು ನೀಲಿ ಪ್ಯಾಂಟಿನಲ್ಲಿತ್ತು, ಅದೇ ಅವಳನ್ನು ಕೆಡವಿದ್ದು ಎಂದು ಹೇಳುವ ಬಾಯಿ ಟೈಲರಮ್ಮನಿಗೆ ಬರಲಿಲ್ಲ. "ಹ್ಞೂಂ, ಒಗೆದಿದ್ದೀನಿ" ಎಂದು ಎದ್ದುಬಂದಳು. ಅವತ್ತು ಒಬ್ಬ ಗಿರಾಕಿಯ ಅಂಗಿಗೆ ಎರಡೂ ಎಡಗೈ ತೋಳು ಕತ್ತರಿಸಿಟ್ಟಳು.

ಮೂರನೆಯ ವಾರದ ಒಂದು ಮಧ್ಯಾಹ್ನ ಅಜ್ಜಿ ಓಣಿಯಲ್ಲಿ ನಿಂತು ನೋಡಿದಳು. ಸೊಸೆ ಬ್ಲೇಡು ಹಿಡಿದು ಪ್ಯಾಂಟಿನ ಒಳಗಿನ ಹೊಲಿಗೆ ಬಿಚ್ಚುತ್ತಿದ್ದಳು. ಮೂರೆಳೆ ದಾರ ಸುಲಭಕ್ಕೆ ಬರುತ್ತಿರಲಿಲ್ಲ.

"ಏನೇ, ಹೊಲಿಯೋಳು ಬಿಚ್ಚೋಕೆ ಕೂತಿದ್ದೀಯ?"

"ಸ್ವಲ್ಪ ಸಡಿಲ ಆಗಿತ್ತು ಅತ್ತೆ."

"ಸಡಿಲ ಆದ್ರೆ ಒಳಗೆ ಹಿಡಿದು ಹೊಲೀತಾರೆ. ಬಿಚ್ತಾರಾ?"

ಅಜ್ಜಿ ಬಾಗಿ ಆ ಚೌಕದ ಮೂಲೆಯನ್ನು ಬೆರಳಲ್ಲಿ ತಡವಿದಳು. ಗಟ್ಟಿಯಾಗಿತ್ತು, ಗಂಟು ಹಾಕಿದಂತಿತ್ತು. ಅವಳ ಮುಖದಲ್ಲಿದ್ದ ತಮಾಷೆ ಇಳಿದುಹೋಯಿತು. "ಬೆಳಕಿಗೆ ಕೂತ್ಕೊಂಡು ಮಾಡು, ಕೈ ಕುಯ್ಕೋತೀಯ" ಎಂದಷ್ಟೇ ಹೇಳಿ ಒಳಗೆ ಹೋದಳು.

ತಿಂಗಳ ಕೊನೆಯ ಭಾನುವಾರ. ಮಿಡತೆ ಬೋರಲು ಮಲಗಿರುವುದರಿಂದ ಎಲ್ಲರೂ ತಟ್ಟೆ ಹಿಡಿದು ಮುಂದಿನ ಕೋಣೆಗೆ ಬರುವುದು ರೂಢಿಯಾಗಿತ್ತು. ಅವಳ ತಟ್ಟೆ ಮಂಚದ ಪಕ್ಕದ ಸ್ಟೂಲಿನ ಮೇಲೆ, ಗಲ್ಲ ದಿಂಬಿನ ಅಂಚಿನ ಮೇಲೆ. "ನಿನ್ನ ಮುಖ ನೋಡ್ಬೇಕಂದ್ರೆ ನಾವೂ ನೆಲಕ್ಕೆ ಮಲಗ್ಬೇಕು" ಎಂದು ಅಜ್ಜಿ ಗೋಡೆಗೊರಗಿ ಕೂತಿದ್ದಳು. ಊಟ ಮುಗಿಯುತ್ತಾ ಬಂದಾಗ ಅಪ್ಪ ಅಕ್ಕನಿಗೆ, "ಹಾಳೆ ಪೆನ್ನು ತಾ. ಬೇಕರಿಗೆ ನಾಳೆ ಕೊಡೋ ಚೀಟಿ ಬರೆದುಬಿಡೋಣ" ಎಂದ.

ಅಕ್ಕ ಎಂಜಲು ಕೈ ತೊಳೆದು ಬಂದು ಹಾಳೆ ಹಿಡಿದು ಕೂತಳು. ಪಕ್ಕದ ಕುರ್ಚಿಯ ಮೇಲೆ ಬೇಕರಿಯ ಏಪ್ರನ್ನು, ಟೋಪಿ ಇಸ್ತ್ರಿಯಾಗಿ ಮಡಿಸಿಟ್ಟಿದ್ದವು. ಹಿಂದಿರುಗಿಸಲು.

"ಬರಿ," ಎಂದ ಅಪ್ಪ. "ಮಾನ್ಯರೇ. ಮನೆಯ ಪರಿಸ್ಥಿತಿಯಿಂದಾಗಿ..."

"ಪರಿಸ್ಥಿತಿ ಅಂತ ಹಾಕ್ಲಾ, ನಂದೇ ತಪ್ಪು ಅಂತ ಹಾಕ್ಲಾ?" ಎಂದಳು ಅಕ್ಕ ತಲೆಯೆತ್ತದೆ.

"ಎದುರು ಮಾತು ಬೇಡ. ಮನೆಯ ಪರಿಸ್ಥಿತಿಯಿಂದಾಗಿ ನಾನು..."

ಟೈಲರಮ್ಮ ಎದ್ದು ಓಣಿಗೆ ಹೋದಳು. ಹಿಂದಿರುಗಿದಾಗ ಅವಳ ಕೈಯಲ್ಲಿ ಒಳಹೊರಗಾದ ಪ್ಯಾಂಟಿತ್ತು. ಅದನ್ನು ಊಟದ ತಟ್ಟೆಗಳ ನಡುವೆ ನೆಲದ ಮೇಲೆ ಹಾಸಿದಳು.

"ಬರೀಬೇಡ," ಎಂದಳು. "ಇದು ನೋಡಿ. ಈ ಮೂಲೆ. ಗಾಯದ ಗೆರೆ ಇದೇ. ನಾನು ಹಾಕಿದ ಪದರ. ಅಳತೆಯೂ ತಗೊಳ್ಳಲಿಲ್ಲ, ಹಳೇ ಪುಸ್ತಕ ನೋಡಿ ಹೊಲಿದೆ. ಮಡಿಕೆ ಸಿಕ್ಕಿಸಿದ್ದೂ ನಾನೇ. ದೊಡ್ಡವಳು ನೋಡ್ದೆ ಇದ್ದದ್ದಕ್ಕೆ ಗಾಯ ಆಗಿಲ್ಲ. ನಾನು ಮಾಡಿದ್ದಕ್ಕೆ ಆಗಿದ್ದು."

ಅಪ್ಪನಿಗೆ ಯಾರ ಮೇಲೆ ಕೂಗಬೇಕೆಂದು ತಿಳಿಯಲಿಲ್ಲ. ಹೆಂಡತಿಯ ಕಡೆ ನೋಡಿದ, ಪ್ಯಾಂಟಿನ ಕಡೆ ನೋಡಿದ, ಕೊನೆಗೆ "ಊಟದ ಹೊತ್ತಲ್ಲಿ ಇದನ್ನ ಇಲ್ಲಿ ತಂದು ಹಾಕ್ತಾರಾ?" ಎಂದ.

"ಯಾವಾಗ ಗೊತ್ತಾಯ್ತು?" ಎಂದಳು ಅಕ್ಕ.

"ಮಾರನೇ ದಿನ."

"ಮಾರನೇ ದಿನ! ಮೂರು ವಾರ ಆಯ್ತಮ್ಮ! ಮೂರು ವಾರ ಅಪ್ಪ ದಿನಾ ಬೈತಿದ್ದಾಗ ನೀನು ಒಲೆ ಮುಂದೆ ನಿಂತು ಕೇಳ್ತಾ ಇದ್ದೆ!"

"ಬಾಯಿಗೆ ಬರ್ಲಿಲ್ಲ ಕಣೇ."

"ನಿಂಗೆ ಬಾಯಿಗೆ ಬರ್ಲಿಲ್ಲ. ನನ್ನ ಕೆಲಸ ಹೋಗ್ತಿತ್ತು!"

"ಅಕ್ಕ," ಎಂದಳು ಮಿಡತೆ ದಿಂಬಿನಿಂದ. "ಕನ್ನಡಿ ಬೇಡ ಅಂದಿದ್ದು ನಾನು. ನೀನು ದಿನಾ ಕೇಳಿದೆ. ನಾನೇ ಮುಟ್ಟಿ ನೋಡ್ಕೊಂಡೆ, ಸರಿಯಾಗಿದೆ ಅಂತ ಸುಳ್ಳು ಹೇಳಿದೆ. ಒಂದು ವಾರ... ಒಂದೇ ವಾರ ಯಾರೂ ನನ್ನ ಬಿಚ್ಚಿ, ತಿರುಗಿಸಿ ನೋಡೋದು ಬೇಡ ಅನ್ನಿಸಿತ್ತು. ಅಲ್ಲಿ ಮಿಸ್ ಅಂತಿದ್ರು. ಇಲ್ಲಿ ಬಂದ್ರೆ ಮತ್ತೆ ರೋಗಿ."

ಅಕ್ಕ ತಂಗಿಯನ್ನೂ ತಾಯಿಯನ್ನೂ ಸರದಿಯಂತೆ ನೋಡಿದಳು. "ನೀವಿಬ್ರೂ," ಎಂದಳು. ಹಾಳೆಯನ್ನು ನಾಲ್ಕಾಗಿ ಹರಿದು, ಏಪ್ರನ್ನು ಟೋಪಿ ಎತ್ತಿಕೊಂಡು ಒಳಗೆ ಹೋದಳು. ಟೈಲರಮ್ಮ ಭಾರ ಇಳಿಯುತ್ತದೆ ಎಂದುಕೊಂಡಿದ್ದಳು. ಇಳಿಯಲಿಲ್ಲ. ಯಾರೂ ಎತ್ತದ ತಟ್ಟೆಗಳನ್ನು ಒಂದೊಂದಾಗಿ ಎತ್ತಿದಳು.

ಆಮೇಲೆ ಒಂಬತ್ತು ದಿನ ಅಕ್ಕ ತಾಯಿಯೊಂದಿಗೆ ನೇರ ಮಾತಾಡಲಿಲ್ಲ. "ಅಜ್ಜೀ, ಉಪ್ಪು ಈ ಕಡೆ ಕೊಡೋಕೆ ಹೇಳು." "ಅಜ್ಜೀ, ಇವತ್ತು ಬರೋದು ತಡ ಅಂತ ಹೇಳು." ಅಜ್ಜಿಗೆ ಇದೊಂದು ಹುದ್ದೆ ಸಿಕ್ಕಂತಾಯಿತು. ಪಕ್ಕದಲ್ಲೇ ಕೂತ ಸೊಸೆಗೆ, "ಕೇಳಿಸ್ತಾ, ಇಲ್ಲಾ ಇನ್ನೊಂದ್ಸಲ ಹೇಳ್ಲಾ?" ಎನ್ನುತ್ತಿದ್ದಳು. ಆದರೆ ಅಕ್ಕ ದಿನಾ ಬೇಕರಿಗೆ ಹೋದಳು, ದೊಡ್ಡ ಕೇಕುಗಳ ಮೇಜು ಅವಳ ಪಾಲಿಗೇ ಬಂತು. ತಪ್ಪಾಯಿತು ಎಂಬ ಮಾತು ಅಪ್ಪನ ನಾಲಿಗೆಗೆ ಅಭ್ಯಾಸವಿರಲಿಲ್ಲ. ಅವನು ಒಂದು ಸಂಜೆ ಡಿಪೋದಿಂದ ಹಳೆಯ ಬಸ್ಸಿನ ಪಕ್ಕದ ಕನ್ನಡಿಯನ್ನು, ಅದರ ಬಾಗಿದ ಕಬ್ಬಿಣದ ತೋಳಿನ ಸಮೇತ ತಂದ. ತೋಳಿಗೆ ಬಟ್ಟೆ ಸುತ್ತಿ ಮಂಚದ ಕಾಲಿಗೆ ಬಿಗಿದು, "ಹೀಗೆ ತಿರುಗಿಸು. ಹಿಂದೆ ಬರೋದೆಲ್ಲ ಕಾಣುತ್ತೆ. ಯಾರೂ ನೋಡೋದು ಬೇಡ, ನಿನ್ನದನ್ನ ನೀನೇ ನೋಡ್ಕೋ" ಎಂದ. ಮಿಡತೆ ಕನ್ನಡಿ ತಿರುಗಿಸಿ ತಿರುಗಿಸಿ ತನ್ನ ಗಾಯವನ್ನು ಮೊದಲ ಸಲ ಕಂಡಳು. ಬಹಳ ಹೊತ್ತು ನೋಡಿದಳು. ಆಮೇಲೆ ಓಣಿಯ ಕಡೆ ಕೂಗಿದಳು.

"ಅಮ್ಮಾ, ಟೇಪ್ ತಗೊಂಡು ಬಾ."

ಟೈಲರಮ್ಮ ಬಂದು ಬಾಗಿಲಲ್ಲೇ ನಿಂತಳು.

"ಸೀಟಲ್ಲಿ ಏನೂ ಇಲ್ದೆ ಹೊಲಿಯೋಕೆ ಬರುತ್ತಾ? ಪದರ ಬೇಡ, ಜೇಬು ಬೇಡ, ನಡುವೆ ಹೊಲಿಗೇನೂ ಬೇಡ."

"ಹೊಲಿಗೆ ಇಲ್ದೆ ಸೀಟು ಹೇಗೆ ಕೂರುತ್ತೇ? ನಾನು ಯಾವತ್ತೂ ಮಾಡಿಲ್ಲ."

"ನಾನೂ ಯಾವತ್ತೂ ಕೂತೇ ಇರ್ಲಿಲ್ಲ. ಅಳತೆ ತಗೋ."

"ಪುಸ್ತಕ..." ಎಂದವಳು ನಾಲಿಗೆ ಕಚ್ಚಿಕೊಂಡಳು.

"ಪುಸ್ತಕ ಅಕ್ಕ ಹಿಡೀಲಿ. ಅಕ್ಕಾ! ಬಾರೇ, ಬರ್ಕೊಳ್ಳೋಕೆ."

ಆಗಷ್ಟೇ ಬೇಕರಿಯಿಂದ ಬಂದಿದ್ದ ಅಕ್ಕ, ತೋಳಿನ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ, ಅಳತೆ ಪುಸ್ತಕ ತೆಗೆದು ಮಂಚದ ಆಚೆ ಬದಿಗೆ ನಿಂತಳು. ತಾಯಿಯ ಮುಖ ನೋಡಲಿಲ್ಲ. ಅಪ್ಪ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ.

ಟೈಲರಮ್ಮ ಟೇಪು ಬಿಚ್ಚಿದಳು. ಸೊಂಟ ಹೇಳಿದಳು, ಅಕ್ಕ ಬರೆದುಕೊಂಡಳು. ಸೊಂಟದಿಂದ ಹಿಮ್ಮಡಿಯವರೆಗೆ ಟೇಪು ಎಳೆದಳು. ಮೂವತ್ತೊಂಬತ್ತು. ಅದು ಮಾತ್ರ ಹಳೆಯದೇ. ಆ ಸಂಖ್ಯೆಯನ್ನು ಅವಳು ಬೇಕೆಂದೇ ಎರಡು ಸಲ ಹೇಳಿದಳು. ಆಮೇಲೆ ತೊಡೆಯ ಸುತ್ತ ಟೇಪು ತಂದಳು. ಮುಲಾಮು ಹಚ್ಚುವಾಗ, ಬಟ್ಟೆ ಬದಲಿಸುವಾಗ ದಿನಾ ಮುಟ್ಟಿದ ತೊಡೆಯೇ. ಆದರೆ ಟೇಪಿನ ಎರಡು ತುದಿ ಎಲ್ಲಿ ಕೂಡಿದವು ಎಂದು ನೋಡಿದವಳು ಮತ್ತೊಮ್ಮೆ ಬಾಗಿ ನೋಡಿದಳು. ಟೇಪು ಸಡಿಲಿಸಿ ಮತ್ತೆ ಹಿಡಿದಳು. ಅದೇ ಬಂತು.

"ಎಷ್ಟು?" ಎಂದಳು ಮಿಡತೆ.

ಟೈಲರಮ್ಮ ಅಕ್ಕನ ಕಡೆ ಬಾಗಿ ಏನೋ ಗೊಣಗಿದಳು.

"ಗಟ್ಟಿಯಾಗಿ ಹೇಳಮ್ಮ. ನಂಗೂ ಕೇಳ್ಲಿ."

"ಹದಿನೇಳು."

ಪುಸ್ತಕದಲ್ಲಿ ಇಪ್ಪತ್ತಮೂರು ಇತ್ತು. ಅದು ಮಿಡತೆಗೂ ಗೊತ್ತಿತ್ತು. ಓಡುವವರು ತಮ್ಮ ತೊಡೆಯ ಅಳತೆ ಮರೆಯುವುದಿಲ್ಲ. ಅವಳು ಮುಖವನ್ನು ದಿಂಬಿಗೆ ಒತ್ತಿದಳು, ಬೆನ್ನು ಎರಡು ಸಲ ಏರಿ ಇಳಿಯಿತು. ಟೈಲರಮ್ಮನ ಕೈ ಅವಳ ಬೆನ್ನಿನ ಕಡೆ ಹೋಯಿತು, ಅಲ್ಲಿಡಲೋ ಬೇಡವೋ ತಿಳಿಯದೆ ಗಾಳಿಯಲ್ಲೇ ನಿಂತಿತು.

"ಬರ್ಕೋ ಅಕ್ಕ," ಎಂದಿತು ದಿಂಬಿನೊಳಗಿನ ದನಿ.

ಅಕ್ಕ ಬರೆದಳು. ಪೆನ್ಸಿಲು ಹಳೆಯ ಸಾಲಿನ ಮೇಲೆ ಹೋಗಿ ನಿಂತಿತು. ಅವಳು ತಲೆಯೆತ್ತಿ, ಒಂಬತ್ತು ದಿನದ ಮೇಲೆ ಮೊದಲ ಸಲ, ಅಜ್ಜಿಯ ಸಹಾಯವಿಲ್ಲದೆ ಕೇಳಿದಳು.

"ಹಳೇದು ಹೊಡೆದುಹಾಕ್ಲಾ ಅಮ್ಮ?"

ಟೈಲರಮ್ಮ ಮಂಚದ ಸುತ್ತ ಬಂದು ಪೆನ್ಸಿಲು ಇಸಿದುಕೊಂಡಳು. ಇಪ್ಪತ್ತಮೂರರ ಮೇಲೆ ಗೆರೆ ಎಳೆದಳು. ಇಪ್ಪತ್ತಾರು ವರ್ಷ ಸೀಮೆಸುಣ್ಣ ಹಿಡಿದ ಕೈ, ಆದರೂ ಗೆರೆ ಸೊಟ್ಟಗೆ ಬಂತು.

"ಎಳೆದಾಯ್ತಾ?" ಎಂದಳು ಮಿಡತೆ.

"ಆಯ್ತು ಮಿಡತೆ," ಎಂದಳು ತಾಯಿ, ಕೆಮ್ಮದೆ.

ಮಿಡತೆ ಮುಖ ಈ ಕಡೆ ತಿರುಗಿಸಿದಳು. ಕಣ್ಣು ಕೆಂಪಾಗಿತ್ತು. "ಹಾಗಾದ್ರೆ ನಿಂತ್ಯಾಕೆ? ಮೊಣಕಾಲು ಬಾಕಿ ಇದೆ."